ಒಂದೇ ನಂಬರಿನ ಮೂವತ್ತೊಂದು ಹೆಣ್ಣುಮಕ್ಕಳು

ನನ್ನಮ್ಮ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ವಿಭಾಗದ ಮೇಲ್ವಿಚಾರಕಿಯಾಗಿದ್ದಳು. ಬಾಯಿ ಅಂದರೆ ಬಾಯಿ. ಹುಡುಗಿಯರು ಅವಳಿಗಿಟ್ಟ ಹೆಸರು ‘ಕತ್ತರಿ’. ನಿವೃತ್ತಳಾದ ಮೇಲೆ ಆ ಕತ್ತರಿ ಮನೆಯಲ್ಲಿ ನನ್ನ ಮೇಲೆ ಆಡುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಡುವಳು. ಎಲ್ಲಿಗೆಂದು ಕೇಳಿದರೆ, “ನಿನ್ನ ಕೆಲಸ ನೀನು ನೋಡ್ಕೋ.” ವಯಸ್ಸಾಯಿತು, ಅರಳುಮರಳು ಎಂದುಕೊಂಡು ನಾನು ಬಿಟ್ಟುಬಿಟ್ಟಿದ್ದೆ.

ನನ್ನ ಕೆಲಸ ಅದೇ ಕಾರ್ಖಾನೆಯ ಆಫೀಸಿನಲ್ಲಿ, ಕಂಪ್ಯೂಟರಿನ ಮುಂದೆ. ಆವತ್ತು ಮ್ಯಾನೇಜರು ಬಂದು, “ಅವಘಡ ಆದ್ರೆ ಮನೆಯವರಿಗೆ ತಿಳಿಸೋಕೆ ಅಂತ ಹೊಲಿಗೆ ಹುಡುಗಿಯರೆಲ್ಲ ನಂಬರ್ ಕೊಟ್ಟಿದಾರಲ್ಲ, ಎಷ್ಟೋ ಬೋಗಸ್. ಒಬ್ಬರ ನಂಬರನ್ನೇ ಇನ್ನೊಬ್ಬರು ಕೊಟ್ಟಿದಾರೆ. ಸುಳ್ಳು ಕೊಟ್ಟೋರನ್ನ ಹುಡುಕಿ. ಇವತ್ತೇ ಕೆಲಸದಿಂದ ತೆಗೀತೀನಿ” ಎಂದರು.

ಡೇಟಾಬೇಸಿಗೆ ಒಂದು ಕ್ವೆರಿ ಬರೆದೆ. ಒಂದೇ ನಂಬರಿನವರನ್ನೆಲ್ಲ ಗುಂಪು ಮಾಡು, ಪ್ರತಿ ನಂಬರನ್ನೂ ಒಂದೇ ಸಲ ತೋರಿಸು, ಪಕ್ಕದಲ್ಲಿ ಎಷ್ಟು ಜನ ಅಂತ ಹಾಕು. ಕಲಸಿಹೋದ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುವಂಥದೇ ಕೆಲಸ. ಹೆಚ್ಚಿನ ಸಾಲುಗಳ ಪಕ್ಕ ‘ಒಂದು’ ಎಂದು ಬಂತು. ಅಕ್ಕತಂಗಿಯರಿದ್ದಲ್ಲಿ ಎರಡು. ಒಂದು ಸಾಲಿನ ಪಕ್ಕ ಮಾತ್ರ ಮೂವತ್ತೊಂದು.

ನಂಬರು ಓದಿದೆ. ಅದು ಅಮ್ಮನದು. ಗುಂಪು ಬಿಡಿಸಿ ನೋಡಿದರೆ ಮೂವತ್ತೊಂದು ಹುಡುಗಿಯರೂ ಸಂಬಂಧದ ಕಾಲಮ್ಮಿನಲ್ಲಿ ‘ತಾಯಿ’ ಎಂದು ಬರೆಸಿದ್ದಾರೆ. ಒಬ್ಬಳೇ ಮಗಳಾದ ನಾನು ಪೆಚ್ಚಾಗಿ ಕೂತೆ.

“ಇಷ್ಟು ಹೆತ್ತ ಮಹಾತಾಯಿ ಯಾರು, ನೋಡೇ ಬಿಡೋಣ” ಎಂದು, ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದ ಮ್ಯಾನೇಜರು ನಗುತ್ತಾ, ನಾನು ಬಾಯಿ ತೆರೆಯುವಷ್ಟರಲ್ಲಿ, ಮೇಜಿನ ಫೋನು ಒತ್ತಿ ಸ್ಪೀಕರ್ ಹಾಕಿದರು.

“ಕಾರ್ಖಾನೆಯಿಂದ ಮಾತಾಡ್ತಿರೋದು. ನಿಮ್ಮ ಮಗಳು ಮೆಟ್ಟಿಲಿಂದ ಬಿದ್ದಿದಾಳೆ.”

ಅಮ್ಮ ಯಾವ ಮಗಳೆಂದು ಕೇಳಲಿಲ್ಲ. “ಯಾವ ಆಸ್ಪತ್ರೆ? ಜೀವ ಇದೆ ತಾನೆ? ಹೋದ್ಸಲದ ಹಾಗೆ ನೇರ ಶವಾಗಾರಕ್ಕೆ ಕರೀಬೇಡಿ ಸ್ವಾಮಿ. ಆ ಮಗೂನ ನಾನೊಬ್ಬಳೇ ಮಣ್ಣು ಮಾಡಿ ಬಂದೆ.”

ಮ್ಯಾನೇಜರ ನಗು ಅರ್ಧಕ್ಕೇ ನಿಂತಿತು. ಹೋದ ವರ್ಷ ಹೊಲಿಗೆ ವಿಭಾಗದ ಹುಡುಗಿಯೊಬ್ಬಳು ಲಾರಿಗೆ ಸಿಕ್ಕಿ ಸತ್ತಿದ್ದಳು. ‘ತಾಯಿ ಬಂದು ಶವ ಪಡೆದರು’ ಎಂದು ಟೈಪ್ ಮಾಡಿದವಳು ನಾನೇ. ಆ ತಾಯಿ ನಮ್ಮ ಮನೆಯಲ್ಲೇ ಇದ್ದಳು.

“ಇಲ್ಲಮ್ಮ, ಯಾರಿಗೂ ಏನೂ ಆಗಿಲ್ಲ,” ಮ್ಯಾನೇಜರು ತಡವರಿಸಿದರು. “ಸುಮ್ನೆ, ನಂಬರ್ ಸರಿ ಇದೆಯಾ ಅಂತ...”

“ಸುಮ್ನೇನಾ? ನನ್ನ ಜೀವ ಬಾಯಿಗೆ ಬಂದಿತ್ತು. ಹಿಂದೆ ಮುಂದೆ ಯಾರೂ ಇಲ್ದಿರೋ ಮಕ್ಕಳು ಅವು. ಆ ಜಾಗ ಖಾಲಿ ಬಿಟ್ರೆ ನೀವು ಕೆಲಸಕ್ಕೆ ತಗೊಳ್ಳಲ್ಲ. ಅದಕ್ಕೇ ನನ್ನ ನಂಬರ್ ಬರೆಸಿ ಅಂದೆ. ಕರೆದಾಗೆಲ್ಲ ಬಂದಿಲ್ವಾ ನಾನು?”

ಮ್ಯಾನೇಜರು ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ಆ ಸಾಲು ಮುಟ್ಟಬೇಡಿ, ಹಾಗೇ ಇರಲಿ” ಎಂದರು.

ನಾನು ಫೋನಿಗೆ ಬಾಗಿ, ಅಳುವಿನಲ್ಲಿ ಒಡೆದ ದನಿಯಲ್ಲಿ “ಅಮ್ಮಾ” ಎಂದೆ.

“ಹೇಳು ಮಗಳೇ, ಅಳಬೇಡ,” ಎಂದಳು ಅಮ್ಮ. “ನೀನು ಅವರಲ್ಲಿ ಯಾರು?”