ಬಣ್ಣ ಬದಲಿಸಿದ ದೋಣಿಗಳು

ಬೇಲೆಕೇರಿಯ ಆ ಸಂಜೆಗಳು ನೆನಪಾದರೆ, ನಡೆದದ್ದೋ ಕನಸಲ್ಲಿ ಕಂಡದ್ದೋ ಎಂದು ಈಗಲೂ ಅನುಮಾನ ಬರುತ್ತದೆ. ಸಮುದ್ರ ಅರೆನಿದ್ದೆಯಲ್ಲಿರುತ್ತಿತ್ತು. ಅದಿರಿನ ಲಾರಿಗಳೆಬ್ಬಿಸಿದ ಕೆಂಪು ಧೂಳು ಇಳಿಬಿಸಿಲಿನಲ್ಲಿ ಸುಮ್ಮನೆ ತೇಲುತ್ತಿತ್ತು. ನಾನೂ ನನ್ನ ಎಂಟು ವರ್ಷದ ಮಗಳೂ ಒದ್ದೆ ಮರಳಿನ ಮೇಲೆ ನಡೆಯುತ್ತಿದ್ದೆವು. ನಮ್ಮ ಶಾಲೆ ನಡೆಯುತ್ತಿದ್ದುದು ಅಲ್ಲೇ.

ಓದಲು ಬರುವುದಿಲ್ಲವೆಂದು ಎರಡನೇ ಇಯತ್ತೆಯಲ್ಲಿ ನಗೆಪಾಟಲಾಗಿ, ದಿನಾ ಬೆಳಿಗ್ಗೆ ವಾಂತಿ ಮಾಡತೊಡಗಿದ ಮೇಲೆ ಅವಳನ್ನು ಶಾಲೆ ಬಿಡಿಸಿದ್ದೆ. ‘ನಾನೇ ಓದಿಸ್ತೇನೆ, ಒಂದು ವರ್ಷ ಕೊಡಿ’ ಎಂದು ಗಂಡನ ಮುಂದೆ ಜಂಬ ಕೊಚ್ಚಿದ್ದೆ. ಕಾರವಾರದ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅವರು ‘ಒಂದೇ ವರ್ಷ’ ಅಂದಿದ್ದರು. ಆಗಸ್ಟಿಗೆ ಅದು ಮುಗಿಯುತ್ತಿತ್ತು.

ಪುಸ್ತಕ ತೆರೆದರೆ ಅವಳ ಬಾಯಿ ಹೊಲಿದಂತಾಗುತ್ತಿತ್ತು. ದಡದಲ್ಲಿ ಮಾತ್ರ ಬೇರೆಯೇ ಹುಡುಗಿ. ದೋಣಿಗಳ ಮೂತಿಯ ಮೇಲೆ ಬರೆದ ಹೆಸರುಗಳನ್ನು ನಾನು ತೋರಿಸಿ ತೋರಿಸಿ ಹೇಳಿಕೊಟ್ಟಿದ್ದೆ. ಮೇ ತಿಂಗಳ ಹೊತ್ತಿಗೆ ಹದಿನೈದು ದೋಣಿಗಳ ಹೆಸರನ್ನು ದೂರದಿಂದಲೇ ಪಟಪಟ ಹೇಳುತ್ತಿದ್ದಳು. ನನ್ನ ಕಾಲು ನೆಲದ ಮೇಲಿರಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ಮಳೆಗಾಲಕ್ಕೆ ದೋಣಿಗಳು ದಡ ಹತ್ತಿದವು. ಮೀನುಗಾರಿಕೆ ನಿಂತ ಆ ದಿನಗಳಲ್ಲಿ ಅವಕ್ಕೆ ಹೊಸ ಬಣ್ಣ ಹೊಡೆಯುತ್ತಾರೆ. ಮಳೆ ಬಿಟ್ಟ ಒಂದು ಸಂಜೆ ಹೋದರೆ ನೀಲಿಯದು ಹಸಿರಾಗಿತ್ತು, ಹಳದಿಯದು ಕೆಂಪಾಗಿತ್ತು. ಹೆಸರುಗಳು ಹಳೆಯವೇ. ‘ಓದು’ ಎಂದೆ. ಮಗಳು ಒಂದನ್ನೂ ಹೇಳಲಿಲ್ಲ. ನನ್ನ ಸೆರಗಿನ ತುದಿ ಕಚ್ಚಿಕೊಂಡು ನಿಂತಳು.

ಹರಿದ ಬಲೆ ಹೊಲಿಯುತ್ತಿದ್ದ ಪಕ್ಕದ ಮನೆಯ ಅಜ್ಜಿ ನಕ್ಕಳು. ‘ಅದು ಬಣ್ಣ ನೋಡಿ ಹೇಳ್ತಿತ್ತು ಅಕ್ಕೋರೇ. ನಾವೂ ಹಂಗೇ ಗುರ್ತ ಹಿಡೂದು. ಓದೂಕೆ ಯಾರಿಗೆ ಬತ್ತದೆ?’

ಶಾಲೆಯೇ ಇಲ್ಲದ ಟೀಚರೆಂದು ನನ್ನನ್ನು ‘ಅಕ್ಕೋರೇ’ ಎಂದು ಕರೆಯುವುದು ಅವಳ ತಮಾಷೆ. ಅಂದು ಚುಚ್ಚಿತು. ಮನೆಗೆ ಬಂದು ಮಗಳ ಮೇಲೆ ಕೂಗಾಡಿದೆ, ಆಮೇಲೆ ಬಚ್ಚಲಲ್ಲಿ ನಿಂತು ಅತ್ತೆ. ಅವಳಿಗೆ ಓದು ಕಲಿಸುವುದು ನನ್ನಿಂದಾಗಲಿಲ್ಲ, ಮತ್ತೆ ಸೇರಿಸಿಕೊಳ್ಳಿ ಎಂದು ಹೆಡ್‌ಮಾಸ್ತರರಿಗೆ ಅರ್ಜಿ ಬರೆದು ಚೀಲಕ್ಕೆ ಹಾಕಿಕೊಂಡೆ. ಕೊಡುವುದನ್ನು ಮಾತ್ರ ಇವತ್ತು ನಾಳೆ ಎಂದು ಮುಂದೂಡಿದೆ.

ಪಾಠ ನಿಂತಿತು. ಸಂಜೆಯ ತಿರುಗಾಟ ರೂಢಿಯಿಂದ ನಡೆದೇ ಇತ್ತು. ಮೋಡದಡಿಯ ಬೂದು ಬೆಳಕು, ಹಸಿ ಬಣ್ಣದ ವಾಸನೆ. ಮಗಳು ಹಿಂದೆ ಉಳಿದು, ದೋಣಿಯಿಂದ ದೋಣಿಗೆ ಹೋಗಿ ಹೆಸರಿನ ಒಂದೊಂದು ಅಕ್ಷರದ ಮೇಲೆ ಬೆರಳಾಡಿಸುತ್ತ ಏನೋ ಗೊಣಗುತ್ತಿದ್ದಳು. ನಾನು ನನ್ನ ದುಃಖದಲ್ಲಿದ್ದೆ, ಕಿವಿಗೊಡಲಿಲ್ಲ.

ಆಗಸ್ಟಿನಲ್ಲಿ ಒಂದು ಸಂಜೆ ಗಾಳಿ ಜೋರಾಗಿ, ಮಲ್ಪೆ ಕಡೆಯ ದೋಣಿಯೊಂದು ಆಸರೆಗೆಂದು ನಮ್ಮ ದಡಕ್ಕೆ ಬಂತು. ಊರಲ್ಲಿ ಯಾರೂ ಕಂಡಿರದ ದೋಣಿ. ಮಗಳು ನಿಂತಳು.

‘ಜ’ ಎಂದಳು. ಬಹಳ ಹೊತ್ತಿನ ಮೇಲೆ, ‘ಲ’.

ಹೇಳಿಕೊಡಲು ನನ್ನ ನಾಲಿಗೆ ತುರಿಸುತ್ತಿತ್ತು. ಕಚ್ಚಿ ಹಿಡಿದೆ. ದೋಣಿಯವರು ಲಂಗರು ಹಾಕಿದರು, ದಡಕ್ಕಿಳಿದರು, ಬೀಡಿ ಹಚ್ಚಿದರು. ಇವಳಿನ್ನೂ ‘ರಾ’ದಲ್ಲಿದ್ದಳು.

‘ಣಿ,’ ಎಂದಳು ಕೊನೆಗೆ. ‘ಜಲರಾಣಿ.’

‘ಹೇಗೆ ಬಂತೇ ನಿಂಗೆ?’ ಎಂದೆ.

‘ಇದು ನಂಗೆ ಗುರ್ತಿದ್ದ ದೋಣಿಯಲ್ಲ ಆಯಿ,’ ಎಂದಳು, ನಾನೇ ದಡ್ಡಿ ಎಂಬಂತೆ. ‘ಅದಕೇ ಓದ್ಬೇಕಾಯ್ತು.’

ಚೀಲದೊಳಗೆ ಕೈ ಹಾಕಿ ಅರ್ಜಿಯನ್ನು ಅಲ್ಲೇ ಚೂರು ಚೂರು ಮಾಡಿದೆ. ಇನ್ನು ಅಂಥ ಕಾಗದವನ್ನು ಎಲ್ಲೆಂದರಲ್ಲಿ ಇಡುವಂತಿರಲಿಲ್ಲ. ಮನೆಯಲ್ಲಿ ಓದುವವಳೊಬ್ಬಳಿದ್ದಳು.