ಅವ್ವನ ಕೊಡಕ್ಕೆ ತಕ್ಕ ಗಾಲಿ

ಶ್ರಾವಣದ ಸೋಮವಾರಗಳಂದು ವರದಾ ಹೊಳೆಯ ನೀರನ್ನು ತಾಮ್ರದ ಕೊಡದಲ್ಲಿ ತಂದು ನಮ್ಮೂರ ಈಶ್ವರನ ಅಭಿಷೇಕಕ್ಕೆ ಒಪ್ಪಿಸುವ ಸೇವೆ ನಮ್ಮ ಮನೆತನಕ್ಕೆ ತಲೆಮಾರುಗಳಿಂದ ಬಂದದ್ದು. ಕೊಡ ನೆಲಕ್ಕೆ ತಾಗಬಾರದು, ನೀರು ತುಳುಕಬಾರದು. ಆದ್ದರಿಂದ ಮನೆಯ ಹಿರಿಯ ಸೊಸೆ ಎತ್ತಿನ ಚಕ್ಕಡಿಯಲ್ಲಿ ಕುಳಿತು ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬರಬೇಕು. ಮದುವೆಯಾಗಿ ಬಂದ ವರ್ಷದಿಂದ ಆ ಭಾಗ್ಯ ನನ್ನ ಅವ್ವನದಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸವಣೂರು ಸೀಮೆಯ ನಮ್ಮೂರಿನಿಂದ ಹೊಳೆಗೆ ಹೋಗುವ ದಾರಿ ಒಂದೇ ಸ್ವಭಾವದ್ದಲ್ಲ. ಮೊದಲು ಕಾಲು ಬಿಡದ ಎರೆ ಮಣ್ಣು, ಆಮೇಲೆ ಖಡಿಕಲ್ಲು ಹಾಸಿದ ರಸ್ತೆ, ಕೊನೆಗೆ ಹೊಳೆಯ ಉಸುಕು. ಆ ವರ್ಷ ಅವ್ವನ ಸೊಂಟ ಹಿಡಿದುಕೊಂಡಿತು. ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ ಏರಿಸಿದ ನಮ್ಮ ಚಕ್ಕಡಿ ಖಡಿಯ ಮೇಲೆ ಹೊರಟರೆ ಕುಳಿತವರ ಹಲ್ಲುಗಳು ತಾಳ ಹಾಕುತ್ತಿದ್ದವು. ಶಿಗ್ಗಾವಿಯ ವೈದ್ಯರು ಆ ಕುಲುಕಾಟ ಅವಳಿಗೆ ಕೂಡದೆಂದು ಖಂಡಿತವಾಗಿ ಹೇಳಿದರು. ಒಂದೋ ಗಾಲಿ ಬದಲಾಗಬೇಕು, ಇಲ್ಲವೇ ಕೊಡವು ಕಿರಿಯ ಸೊಸೆಯಾದ ನನ್ನ ಚಿಗವ್ವನ ತೊಡೆಗೆ ಹೋಗಬೇಕು. ಹಿರೇಕೆರೂರಿನ ತವರಿನಿಂದ ಬಂದ ಚಿಗವ್ವ ಎಂದೂ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಆದರೆ ಆಷಾಢದ ಎಳೆಬಿಸಿಲಿಗೇ ಹೊಸ ಇಳಕಲ್ಲ ಸೀರೆಯ ಮಡಿಕೆ ಬಿಚ್ಚಿ ಹರವಿದ್ದಳು.

"ಯಕ್ಕಾ, ನಿನಗ ತ್ರಾಸ ಆದ್ರ ನಾ ಅದೇನಿ," ಎಂದಳು.

"ನೀ ಇರು ತಂಗಿ. ನಾನೂ ಇನ್ನಾ ಅದೇನಿ," ಎಂದಳು ಅವ್ವ.

ಶಿಗ್ಗಾವಿಯ ಪೇಟೆಯಲ್ಲಿ ರಬ್ಬರಿನ ಟೈರು ಹಾಕಿದ ಗಾಡಿಗಳನ್ನು ನೋಡಿ ಬಂದಿದ್ದ ಕಾಕಾ, ಚಿಗವ್ವನ ಗಂಡ, ಅಪ್ಪನ ಮುಂದೆ ಮಾತು ತೆಗೆದ. "ಅಣ್ಣಾ, ಟೈರ ಹಾಕ್ಸೋಣು. ತೊಟ್ಟಿಲ ತೂಗಿದಂಗ ಹೊಕ್ಕೈತಿ."

"ಎರಿಯೊಳಗ ತೊಟ್ಟಿಲ ಹುಗದ್ರ ನಿಮ್ಮಪ್ಪ ಬಂದು ಎತ್ತತಾನೇನು?"

"ನಮ್ಮಪ್ಪ ಅಂದ್ರ ನಿಮ್ಮಪ್ಪನೂ ಹೌದು."

ಅಪ್ಪನಿಗೆ ಇನ್ನೊಂದು ಶಂಕೆಯಿತ್ತು. ದೇವರ ನೀರನ್ನು ರಬ್ಬರಿನ ಮೇಲೆ ತರುವುದು ಮಡಿಗೆ ಸಲ್ಲುವುದೇ? ಹಾನಗಲ್ಲಿನ ಪಾಠಶಾಲೆಯಲ್ಲಿ ಸಂಸ್ಕೃತ ಓದಿ ಆಗಷ್ಟೇ ಮನೆಗೆ ಮರಳಿದ್ದ ನನ್ನ ಕಡೆಗೆ ಪ್ರಶ್ನೆ ತಿರುಗಿತು. ರಬ್ಬರು ಚರ್ಮವಲ್ಲ, ಹೆಪ್ಪುಗಟ್ಟಿದ ಮರದ ಹಾಲು; ವೃಕ್ಷದಿಂದ ಹುಟ್ಟಿದ್ದಕ್ಕೆ ಮೈಲಿಗೆಯಿಲ್ಲ ಎಂದು ನಾನು ಸಾವಕಾಶವಾಗಿ ನಿರೂಪಿಸಿದೆ. ಅಪ್ಪ ಪೂರ್ತಿಯಾಗಿ ಕೇಳಿದ.

"ಎಕ್ಕಿ ಹಾಲೂ ಗಿಡದ ಹಾಲ. ಚಾ ಮಾಡ್ಕೊಂಡು ಕುಡಿ," ಎಂದ.

ಮಾತಿನಿಂದ ಮುಗಿಯದ್ದನ್ನು ಈಶ್ವರನ ಪಾದಕ್ಕೆ ಹಾಕುವುದು ನಮ್ಮಲ್ಲಿ ರೂಢಿ. ಅದಕ್ಕೆ ಪ್ರಸಾದ ಕೇಳುವುದು ಎನ್ನುತ್ತಾರೆ. ಒದ್ದೆ ಲಿಂಗದ ಎರಡೂ ಬದಿಗೆ ಒಂದೊಂದು ಬಿಲ್ವಪತ್ರೆ ಅಂಟಿಸಿ ಕೈಮುಗಿದು ಕಾಯಬೇಕು. ಯಾವ ಬದಿಯ ಪತ್ರೆ ಮೊದಲು ಬೀಳುವುದೋ ಅದು ದೇವರ ಅಪ್ಪಣೆ. ಬಲದ ಪತ್ರೆ ಹಳಿಗೆ, ಎಡದ್ದು ಟೈರಿಗೆ ಎಂದು ಪೂಜಾರಿ ಸಂಕಲ್ಪ ಮಾಡಿದ. ಅವ್ವ ಎಡಗಡೆಯನ್ನೂ ಚಿಗವ್ವ ಬಲಗಡೆಯನ್ನೂ ಎವೆಯಿಕ್ಕದೆ ನೋಡುತ್ತ ನಿಂತರು. ಬಹಳ ಹೊತ್ತಿನ ಮೇಲೆ ಎರಡೂ ಪತ್ರೆಗಳು ಕೂಡಿಯೇ ಬಿದ್ದವು.

ಮತ್ತೊಮ್ಮೆ ಕೇಳೋಣವೆಂದು ಪೂಜಾರಿ ಕೈನೀಡಿದ. ಅಪ್ಪ ತಡೆದ. ಒಮ್ಮೆ ನುಡಿದ ದೇವರನ್ನು ಮತ್ತೆ ನುಡಿಸುವುದು ಅವಿಶ್ವಾಸವೆಂದು ಅವನ ನಂಬಿಕೆ.

"ದೇವರು ಎರಡೂ ಅಂದಾನ. ಎರಡೂ ಹಾಕೋಣು."

"ಎರಡೂ ಹೆಂಗ ಹಾಕ್ತಿ?" ಎಂದ ಕಾಕಾ.

"ಬಲದ್ದು ಬಲಕ್ಕ, ಎಡದ್ದು ಎಡಕ್ಕ."

ಎಲ್ಲರೂ ನನ್ನತ್ತ ನೋಡಿದರು. ಅರ್ಧನಾರೀಶ್ವರನ ರೂಪ ನನ್ನ ಮನಸ್ಸಿಗೆ ಬಂದಿತು. ಒಂದೇ ದೇಹದಲ್ಲಿ ಎರಡು ರೂಪಗಳು ನೆಲೆಸಿರುವಾಗ ಒಂದೇ ಅಚ್ಚಿಗೆ ಎರಡು ಬಗೆಯ ಗಾಲಿ ಕೂಡಬಾರದೇಕೆ ಎಂದೆ. ಪೂಜಾರಿ ಗಂಟೆ ಬಾರಿಸಿದ. ಅಲ್ಲಿಗೆ ನಿರ್ಣಯವಾಯಿತು.

ಸವಣೂರಿನ ಕಮ್ಮಾರನು ಚಕ್ಕಡಿಯನ್ನು ಸುತ್ತಿ ನೋಡಿ, "ಗಂಡು ಹೆಣ್ಣು ಕೂಡಿಸಿ ಕೊಡತೇನ್ರಿ. ಬಾಳೇವು ಮಾಡೂದು ಅವರ ಹಣೇಬಾರ," ಎಂದು ಕೆಲಸ ಹಿಡಿದ. ಟೈರು ಗಿಡ್ಡದಾದ್ದರಿಂದ ಎಡಗಡೆ ಕಟ್ಟಿಗೆಯ ತುಂಡು ಕೊಟ್ಟು ಎತ್ತರಿಸಿದ. ಅಷ್ಟಾದರೂ ಚಕ್ಕಡಿ, ಕಿವಿ ಮಂದವಾದ ಹಿರಿಯರು ಮಾತು ಕೇಳಲು ವಾಲುವಂತೆ, ತುಸು ಎಡಕ್ಕೆ ಬಾಗಿಯೇ ನಿಂತಿತು.

ಮೊದಲ ಸೋಮವಾರ ಸ್ನಾನ ಪೂಜೆಗಳನ್ನು ಮುಗಿಸಿ, ಚಿಗವ್ವನೂ ಸೇರಿ ಮನೆಯವರೆಲ್ಲ ಹೊರಟೆವು. ಎರೆ ಮಣ್ಣು ಬಂದೊಡನೆ ಹಳಿಯ ಗಾಲಿ ಹುಗಿದು ನಿಂತಿತು, ಟೈರಿನ ಗಾಲಿ ಜಾರುತ್ತ ಮುಂದೆ ಹೋಯಿತು. ಎತ್ತುಗಳು ನೇರವಾಗಿ ಎಳೆದಷ್ಟೂ ಚಕ್ಕಡಿ ಬಲಕ್ಕೆ ತಿರುಗಿ, ನಮ್ಮದೇ ಮೆಣಸಿನ ಹೊಲವನ್ನು ಪ್ರದಕ್ಷಿಣೆ ಹಾಕಿ, ಊರಿನ ಕಡೆ ಮುಖ ಮಾಡಿತು. ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತಿದ್ದ ಅವ್ವ ಕಣ್ದೆರೆದು, "ಆಗಲೇ ಹೊಳ್ಳಿ ಬಂದ್ವೇನು?" ಎಂದಳು. ಅಪ್ಪ ಎತ್ತುಗಳನ್ನು ಹೊಳೆಯ ಕಡೆ ತಿರುಗಿಸಿದ. ಕಾಕಾ ಮತ್ತು ನಾನು ಬಲಗಾಲಿಗೆ ಹೆಗಲು ಕೊಟ್ಟು ದಾರಿಗೆ ಹಚ್ಚಿದೆವು.

ಹೊಳೆಯಲ್ಲಿ ಕೊಡ ತುಂಬಿಸಿ ಅವ್ವನನ್ನು ಟೈರಿನ ಬದಿಗೆ ಕೂರಿಸಿದೆವು. ಭಾರ ಸಮವಾಗಲೆಂದು ಚಿಗವ್ವ ಹಳಿಯ ಬದಿಗೆ ಕುಳಿತಳು. ಖಡಿಯ ರಸ್ತೆ ಬಂದಾಗ ದೇವರ ಅಪ್ಪಣೆಯ ಫಲ ಕಾಣತೊಡಗಿತು. ಅವ್ವ ಕೊಡವನ್ನು ಅಪ್ಪಿಕೊಂಡು ಮೆಲ್ಲಗೆ ತೂಗುತ್ತಿದ್ದಳು. ಒಂದು ಹನಿಯೂ ತುಳುಕಲಿಲ್ಲ. ಚಿಗವ್ವ ಮಾತ್ರ ಮೊರದಲ್ಲಿ ಕೇರುವ ಜೋಳದಂತೆ ಏಳುತ್ತಿದ್ದಳು, ಬೀಳುತ್ತಿದ್ದಳು. ಅವಳು ಆಡಿದ ಮಾತುಗಳು ತುಂಡು ತುಂಡಾಗಿ ನಮ್ಮನ್ನು ಮುಟ್ಟುತ್ತಿದ್ದವು.

"ತಂಗಿ, ಬೇಕಾದ್ರ ಇಲ್ಲಿಂದ ನೀ ಹಿಡಿ ಕೊಡ," ಎಂದಳು ಅವ್ವ, ಜಾಗ ಬಿಟ್ಟು ಕದಲದೆಯೇ.

"ಬ್ಯಾ... ಬ್ಯಾಡ ಯಕ್ಕಾ. ನಿನ್ನ ಕೈಯಾಗ ಛಲೋ ಕಾಣತೈತಿ."

"ಮುಂದಿನ ವರ್ಷ?"

"ಮುಂದಿನ ವರ್ಷನೂ ನೀನ ಹಿಡಿ."

"ಈಶ್ವರನ ಆಣಿ?"

"ಈಶ್ವರನ ಆಣಿ. ಮೊದಲ ನನ್ನ ಇಳಸ್ರಿ."

ಅಪ್ಪ ಎತ್ತು ನಿಲ್ಲಿಸಿದ. ಚಿಗವ್ವ ಇಳಿದು, ಸೊಂಟಕ್ಕೆ ಕೈಕೊಟ್ಟು, ಹೊಲದ ಬದುವಿನ ಮೇಲೆ ಬಿರಬಿರನೆ ನಡೆದಳು. ಎರೆಯಲ್ಲಿ ಮತ್ತೊಂದು ಪ್ರದಕ್ಷಿಣೆ ಮುಗಿಸಿ ನಾವು ಗುಡಿ ಮುಟ್ಟುವ ಹೊತ್ತಿಗೆ ಅವಳು ಅಂಗಳ ಸಾರಿಸಿ, ರಂಗೋಲಿ ಹಾಕಿ, ಕಂಬಕ್ಕೊರಗಿ ಕುಳಿತಿದ್ದಳು. ಅವ್ವನನ್ನು ಕಂಡು ಎದ್ದು ಬಂದು, ರಟ್ಟೆ ಹಿಡಿದು ಜೋಪಾನವಾಗಿ ಇಳಿಸಿಕೊಂಡಳು. ಅವ್ವ ತುಂಬಿದ ಕೊಡವನ್ನು ಪೂಜಾರಿಯ ಕೈಗೆ ಒಪ್ಪಿಸಿದಳು.