ಮದುವೆ ಹಾಡಿನ ಎರಡನೇ ಕೊನೆ

ನಮ್ಮ ಕಡೆಯ ಹಳ್ಳಿಗಳನ್ನು ಕೆಡವಿದ ಭೂಕಂಪವಾಗಿ ಮೂರ್ನಾಲ್ಕು ವರ್ಷಗಳಾಗಿದ್ದವು. ನಮ್ಮ ಕಾಲೇಜಿನ ಮರಾಠಿ ಸರ್ ಒಂದು ಸಂಗೀತ ನಾಟಕ ಬರೆದರು. ನಾಜಿಗಳ ಕಾಲದ ಜರ್ಮನಿಯ ಒಂದು ಊರು, ಅಲ್ಲಿ ಬ್ರೆಡ್ ಮಾಡುವ ಯಹೂದಿ ಮುದುಕ, ಎದುರು ಮನೆಯ ವಿಧವೆ. ಜಗಳಾಡುತ್ತ ಜಗಳಾಡುತ್ತ ಇಬ್ಬರೂ ಮದುವೆಯಾಗುತ್ತಾರೆ. ವಿಧವೆಯ ಪಾತ್ರ ನನ್ನದು. ಕೊನೆಯಲ್ಲಿ ನಾನು ಹಾಡುತ್ತಿದ್ದೆ, ಉಳಿದವರೆಲ್ಲ ಕುಣಿಯುತ್ತಿದ್ದರು. ಉಮರ್ಗಾ, ನಿಲಂಗಾ ಎರಡೂ ಕಡೆ ಜನ ಬಿಡದೆ ಚಪ್ಪಾಳೆ ಹೊಡೆದರು. ಭೂಕಂಪದಲ್ಲಿ ಗಂಡನನ್ನೂ ಮಗಳನ್ನೂ ಕಳೆದುಕೊಂಡು ನಮ್ಮ ಮನೆಗೆ ಬಂದಿದ್ದ ಸೋದರತ್ತೆ, ಉಮರ್ಗಾದ ಆಟ ನೋಡಿ ಬಾಯ್ತುಂಬ ನಕ್ಕಿದ್ದಳು.

ಕೆಲವು ವರ್ಷಗಳ ಮೇಲೆ ಉದಗೀರದಲ್ಲಿ ಅದೇ ನಾಟಕ ಮತ್ತೆ ಆಡುವುದೆಂದಾಯಿತು. ನಾನಾಗ ಯೆಣೆಗೂರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ತಾಲೀಮಿಗೆ ಹೋದರೆ ಸರ್ ಕೊನೆಯನ್ನೇ ಬದಲಿಸಿದ್ದರು.

"ನಾವು ಸುಳ್ಳು ಹೇಳಿದ್ದೆವು," ಅಂದರು. "ನಾಜಿಗಳ ಕಾಲದಲ್ಲಿ ಆ ಮುದುಕನನ್ನು ಯಾರು ಬದುಕಲು ಬಿಡುತ್ತಿದ್ದರು?"

ಹೊಸ ಕೊನೆಯಲ್ಲಿ ಹಾಡಿನ ನಡುವೆ ಸೀಟಿ ಕೇಳಿಸುತ್ತದೆ. ಮದುಮಗ, ಅವನ ಬಳಗದವರು ಎದೆಗೆ ಯಹೂದಿಗಳ ಗುರುತಿನ ಹಳದಿ ನಕ್ಷತ್ರ ಚುಚ್ಚಿಕೊಂಡು ಸಾಲಾಗಿ ನಿಲ್ಲುತ್ತಾರೆ. ಒಬ್ಬ ಸಿಪಾಯಿ ಯಾದಿ ನೋಡಿ ಹೆಸರು ಕೂಗುತ್ತಾನೆ. ಒಬ್ಬೊಬ್ಬರೇ ಪರದೆಯ ಹಿಂದೆ ಹೋಗುತ್ತಾರೆ. ಯಾದಿಯಲ್ಲಿ ಹೆಸರಿಲ್ಲದ ನಾನೊಬ್ಬಳೇ ಉಳಿಯುತ್ತೇನೆ.

ಉದಗೀರದಲ್ಲಿ ಪರದೆ ಬಿದ್ದಾಗ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೆಲವರು ಚಪ್ಪಾಳೆ ಶುರುಮಾಡಿ ನಿಲ್ಲಿಸಿದರು. ಆಟ ನೋಡಲು ನನ್ನ ಜೊತೆ ಬಂದಿದ್ದ ಅತ್ತೆ ರಂಗದ ಹಿಂದೆ ಬಂದಳು.

"ಅವರೆಲ್ಲಾ ಎಲ್ಲಿ ಹೋದ್ರು?"

"ಕೊಂದ್ರು ಅತ್ತಿ."

"ಅಲ್ಲಿನೂ ಭೂಕಂಪ ಆಗಿತ್ತೇನು?"

"ಇಲ್ಲ. ಸರಕಾರದವ್ರೇ ಕೊಂದ್ರು. ಯಹೂದಿ ಮಂದಿ ಅಂತ."

"ಹೆಸರು ಬರಕೊಂಡು?"

"ಹೌದು."

ಅತ್ತೆ ನನ್ನ ಮುಖವನ್ನೇ ನೋಡಿದಳು. "ನಮ್ಮ ಹೆಸರೂ ಬರಕೊಂಡಿದ್ರು. ಭೂಕಂಪ ಆದಮ್ಯಾಲ, ತಗಡಿನ ಪತ್ರಾ ಮನಿ ಕೊಡಲಾಕ. ಹೆಸರು ಕೂಗಿದ್ರ ನಾವು ಓಡಿ ಹೋಗ್ತಿದ್ವಿ." ಆಮೇಲೆ, "ಮೊದಲಿಂದು ಛಲೋ ಇತ್ತು. ಅದನ್ಯಾಕ ತೆಗೆದ್ರಿ?" ಅಂದಳು.

ಸರ್ ಹೇಳಿದ್ದನ್ನೇ ಹೇಳಲು ಹೋದೆ. ಆದರೆ ಆಕೆಯನ್ನು ನಗಿಸಿದ್ದು ಸುಳ್ಳು ಎಂದು ಆಕೆಯ ಎದುರಿಗೇ ಹೇಗೆ ಹೇಳಲಿ?

ಮುಂದೆ ಜಳಕೋಟದಲ್ಲಿ ಆಡಬೇಕಿತ್ತು. ಅಲ್ಲಿಯವರು ಹಳೆಯ ಕೊನೆಯೇ ಬೇಕೆಂದರು, ಸರ್ ಒಪ್ಪಲಿಲ್ಲ. ಆಟ ನಿಂತುಹೋಯಿತು. ಸುದ್ದಿ ಕೇಳಿ ನನಗೆ ಹಗುರವೆನಿಸಿತು. ಹಗುರವೆನಿಸಿತಲ್ಲ ಎಂದು ನಾಚಿಕೆಯೂ ಆಯಿತು. ಆಟ ನಿಂತಿದ್ದನ್ನೂ, ಆ ಮುದುಕನನ್ನು ಆಗ ಯಾರೂ ಬದುಕಲು ಬಿಡುತ್ತಿರಲಿಲ್ಲ ಎಂದು ಸರ್ ಅಂದಿದ್ದನ್ನೂ ಅತ್ತೆಗೆ ಹೇಳಿದೆ.

"ನಿಮ್ಮ ಸರ್ ಅಂದಿದ್ದು ಖರೇ ಇರಬೇಕು," ಅಂದಳು. "ಆದ್ರ ನನಗ ಇನ್ನೊಮ್ಮಿ ನೋಡಲಾಕ ಆಗಲ್ಲ."

ನಾನು ಯಾರ ಕಡೆ ಎಂದು ಸರ್ ಕೇಳಲಿಲ್ಲ, ಅತ್ತೆಯೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಇಂದಿಗೂ ಗೊತ್ತಿಲ್ಲ.